ಗದ್ದಲ ಯಾವುದು?

ಯಾವುದು ಗದ್ದಲ, ಯಾವುದು ಕೇಳಬೇಕಾದ ಮಾತು ಎಂದು ತೀರ್ಮಾನಿಸುವವರು ಯಾರು? ಗಂಡಸರು ವಾರ್ತೆ ಕೇಳುವಾಗ ಅಡುಗೆಮನೆಯ ಪಾತ್ರೆಯ ಸದ್ದು ಗದ್ದಲ. ಪಾತ್ರೆ ತೊಳೆಯುವವಳಿಗೆ ವಾರ್ತೆಯೇ ಗದ್ದಲವಾಗಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ವಿಜ್ಞಾನದಲ್ಲೂ ಇಂಥದೊಂದು ಕಥೆಯಿದೆ. 1930ರ ದಶಕದ ಮೊದಲಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದವರು ಕಾರ್ಲ್ ಜಾನ್‌ಸ್ಕಿ ಎಂಬ ತರುಣನಿಗೆ ಒಂದು ಕೆಲಸ ಒಪ್ಪಿಸಿದರು. ಸಾಗರದಾಚೆಗೆ ರೇಡಿಯೋ ಮೂಲಕ ಆಡುವ ಟೆಲಿಫೋನ್ ಮಾತನ್ನು ಕೆಡಿಸುವ ಗೊರಗೊರ ಎಲ್ಲಿಂದ ಬರುತ್ತದೆಂದು ಆತ ಪತ್ತೆಮಾಡಬೇಕಿತ್ತು. ಗುಡುಗು ಸಿಡಿಲಿನದು ಸಿಕ್ಕಿತು. ಆದರೂ ಒಂದು ಸಣ್ಣ ‘ಸುಂಯ್’ ಉಳಿದೇ ಉಳಿಯಿತು. ಅದು ದಿನದಿನವೂ ನಾಲ್ಕು ನಿಮಿಷ ಮೊದಲೇ ಜೋರಾಗುತ್ತಿತ್ತು. ನಕ್ಷತ್ರಗಳು ಮೂಡುವುದೂ ಹಾಗೆಯೇ. ಇದು ಧನು ರಾಶಿಯ ದಿಕ್ಕಿನಿಂದ, ನಮ್ಮ ಆಕಾಶಗಂಗೆಯ ನಡುವಿನಿಂದ ಬರುತ್ತಿದೆಯೆಂದು 1933ರಲ್ಲಿ ಆತ ಹೇಳಿದ. ಕಂಪನಿಗೆ ಅದರಿಂದೇನು ಲಾಭ? ಬೇರೆ ಕೆಲಸಕ್ಕೆ ಹಾಕಿದರು.

ನನ್ನ ಅಜ್ಜಿ ಒಲೆಯ ಮುಂದೆ ಗೊಣಗುತ್ತಿದ್ದಳು. ಕಿವಿಗೊಟ್ಟರೆ ಅದರಲ್ಲಿ ಯಾರಿಗೆ ಎಷ್ಟು ಅಕ್ಕಿ ಅಳೆದದ್ದು, ಯಾವ ಹಸು ಗಬ್ಬವಾದದ್ದು, ಯಾವ ಮಗಳಿಂದ ಕಾಗದ ಬಾರದೆ ಎಷ್ಟು ದಿನವಾಯಿತು, ಎಲ್ಲ ಇರುತ್ತಿತ್ತು. ಮನೆಯಲ್ಲಿ ಅದಕ್ಕಿದ್ದ ಹೆಸರು ‘ಅಜ್ಜಿಯ ವಟವಟ’.

ಜಾನ್‌ಸ್ಕಿಯ ಆ ‘ಸುಂಯ್’ ಕೇಳಲೆಂದೇ ನಮ್ಮ ಗೌರಿಬಿದನೂರಿನ ಬಳಿ 1970ರ ದಶಕದಲ್ಲಿ ವಿಜ್ಞಾನಿಗಳು ಒಂದು ರೇಡಿಯೋ ದೂರದರ್ಶಕ ಕಟ್ಟಿದರು. ಅದಕ್ಕೆ ಮಸೂರವೂ ಇಲ್ಲ, ಕನ್ನಡಿಯೂ ಇಲ್ಲ. ಬಯಲಿನಲ್ಲಿ ‘ಟಿ’ ಅಕ್ಷರದ ಹಾಗೆ ಹಬ್ಬಿದ 1000 ಆಂಟೆನಾಗಳು, ಅಷ್ಟೆ. ಸದ್ದು ಯಾವ ಕಡೆಯದೆಂದು ಒಂಟಿ ಆಂಟೆನಾ ಹೇಳಲಾರದು. ಒಂದೇ ಅಲೆ ಇದನ್ನು ತುಸು ಮೊದಲು, ಆಚೆಯದನ್ನು ತುಸು ಆಮೇಲೆ ಮುಟ್ಟುತ್ತದಲ್ಲ, ಆ ಅಂತರ ಲೆಕ್ಕಹಾಕಿ ದಿಕ್ಕು ಹಿಡಿಯುತ್ತಾರೆ. ಹೀಗೆ ಕೇಳಿ ಕೇಳಿಯೇ ಬರೆದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು. ಕಣ್ಣಿಲ್ಲದೆ ಬಿಡಿಸಿದ ಚಿತ್ರ!

ಇಲ್ಲಿ ಮಾತ್ರ ಎಲ್ಲ ಅದಲುಬದಲು. ಆಕಾಶ ಕೇಳುವವರಿಗೆ ನಮ್ಮ ರೇಡಿಯೋ, ಮೊಬೈಲುಗಳೇ ಗದ್ದಲ. ಸುತ್ತಲಿನವರು ಸುಮ್ಮನಿರಬೇಕು. ದೂರದ ಮಗನ ಫೋನಿಗೆ ಕಾಯುತ್ತ ಕೂತ ತಾಯಿಗೆ ಹಾಗೆನ್ನಬಹುದೇ? ಅಪ್ಪಣೆ ಮಾಡುವಂತಿಲ್ಲ, ಬೇಕಾದರೆ ಕೇಳಿಕೊಳ್ಳಬಹುದು ಎಂದು ನನಗನ್ನಿಸುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್ ಸೀಮೆಯಲ್ಲಿ ಇಂಥದೇ ಆಂಟೆನಾಗಳ ತೋಟವಿದೆ. ಮೌನ ಕಾಯಲು ಕಾನೂನೂ ಇದೆ. ಆ ನೆಲ ವಜಾರಿ ಯಮಾಜಿ ಜನರದು. 2022ರಲ್ಲಿ ಅವರೊಡನೆ ಒಪ್ಪಂದವಾಗಿ, ವೀಕ್ಷಣಾಲಯಕ್ಕೆ ಅವರ ಭಾಷೆಯಲ್ಲೇ ಹೆಸರಿಟ್ಟರು. ಆಕಾಶವನ್ನೂ ನಕ್ಷತ್ರಗಳನ್ನೂ ಹಂಚಿಕೊಳ್ಳುವುದು ಎಂದು ಅದರ ಅರ್ಥವಂತೆ.

‘ಸುಮ್ಮನಿರು’ ಎನ್ನುವ ಮೊದಲು ಹೀಗೆ ಎದುರಿಗೆ ಕೂತು ಒಪ್ಪಿಗೆ ಕೇಳಿದವರನ್ನು ನಮ್ಮ ಮನೆಗಳಲ್ಲಿ ನಾನಿನ್ನೂ ಕಂಡಿಲ್ಲ.