ಹಳೆಯ ಗರಗಸ ಯಾರ ಕೈಗೆ?



ಹೀಗೊಂದು ಸಂದರ್ಭವನ್ನು ನೆನೆದುಕೊಳ್ಳಿ. ಬೇಲೂರಿನ ಹತ್ತಿರ ನಿಮಗೊಂದು ಸಣ್ಣ ಕಾಫಿ ತೋಟವಿದೆ. ಮುಂಗಾರಿನ ಗಾಳಿಗೆ ಎರಡು ಸಿಲ್ವರ್ ಓಕ್ ಮರಗಳು ಗಿಡಗಳ ಮೇಲೆ ಉರುಳಿವೆ. ಮರ ಕೊಯ್ಯುವವರನ್ನು ಕರೆದರೆ ಇಂದು ಬರುತ್ತೇವೆ, ನಾಳೆ ಬರುತ್ತೇವೆ ಎನ್ನುತ್ತಾರೆ. ಅಷ್ಟರಲ್ಲಿ, ಅರಸೀಕೆರೆಯ ಮನೆಯೊಂದರಲ್ಲಿ ಹಳೆಯ ಚೈನ್ ಸಾ ಮಾರಾಟಕ್ಕಿದೆ, ಇನ್ನೂ ಚೆನ್ನಾಗಿ ಓಡುತ್ತದೆ ಎಂಬ ಸುದ್ದಿ ಬರುತ್ತದೆ. ಹಳೇಬೀಡು, ಜಾವಗಲ್ ದಾಟಿ, ಕಾಫಿಯ ಸೀಮೆ ಮುಗಿದು ತೆಂಗಿನ ಸೀಮೆ ತೊಡಗುವ ಆ ಊರಿಗೆ ಹೋಗುತ್ತೀರಿ. ಮನೆಯವರು ಹಗ್ಗ ಎಳೆಯುತ್ತಾರೆ. ಮೂರನೆಯ ಎಳೆತಕ್ಕೆ ಮೆಷಿನ್ ಗುಡುಗುತ್ತದೆ. “ನಮ್ಮ ತಂದೆಯವರ ಕಾಲದ್ದು ಸಾರ್, ಗಟ್ಟಿ ಅಂದ್ರೆ ಗಟ್ಟಿ. ಈಗಿನವು ಇದರ ಮುಂದೆ ಏನೂ ಅಲ್ಲ.” ಬೆಲೆಯೂ ಅಗ್ಗ. ನಿಮ್ಮ ಕೈ ಆಗಲೇ ಜೇಬಿಗೆ ಹೋಗಿದೆ.

ಸ್ವಲ್ಪ ತಾಳಿ. ‘ಇದು ಓಡುತ್ತದೆಯೇ?’ ಎಂದು ಕೇಳಿದಿರಿ. ಇನ್ನೊಂದು ಪ್ರಶ್ನೆ ಉಳಿದಿದೆ. ನಾಳೆ ಇದನ್ನು ಹಿಡಿಯುವ ಕೈ ಯಾರದು? ನಿಮ್ಮದೇ, ನಿಮ್ಮ ಮಗನದೇ, ಅಥವಾ ದಿನಗೂಲಿಗೆ ಬರುವ ಆಳಿನದೇ?

ವಿಮೋಚನಕಾಂಡದ 21ನೇ ಅಧ್ಯಾಯದಲ್ಲಿ ಹಾಯುವ ಎತ್ತಿನ ಕುರಿತು ಒಂದು ನ್ಯಾಯವಿದೆ. ಎತ್ತು ಹಠಾತ್ತಾಗಿ ಹಾಯ್ದು ಮನುಷ್ಯ ಸತ್ತರೆ ಯಜಮಾನ ತಪ್ಪಿತಸ್ಥನಲ್ಲ. ಆದರೆ ಅದು ಹಾಯುವ ಎತ್ತೆಂದು ಮೊದಲೇ ತಿಳಿಸಿದ್ದರೂ ಅವನು ಕಟ್ಟಿಹಾಕದೆ ಬಿಟ್ಟಿದ್ದರೆ, ಸತ್ತವನ ರಕ್ತಕ್ಕೆ ಅವನೇ ಹೊಣೆ. ಅಂದರೆ ದೇವರು ಯಜಮಾನನನ್ನು ಕೇಳುವ ಪ್ರಶ್ನೆ ಇದು: ನಿನಗೆ ಗೊತ್ತಿತ್ತೇ?

ಹಳೆಯ ಚೈನ್ ಸಾ ಕೂಡ ಹಾಯುತ್ತದೆ. ಅದರ ಪಟ್ಟಿಯ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ, ಓಡುತ್ತಿರುವ ಸರಪಳಿ ಇಡೀ ಮೆಷಿನನ್ನು ಹಿಂದಕ್ಕೆ, ಹಿಡಿದವನ ಮುಖ ಮತ್ತು ಕತ್ತಿನ ಕಡೆಗೆ ಎಸೆಯುತ್ತದೆ. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತೂ ಬೇಡ. ಇದನ್ನು ತಡೆಯಲೆಂದೇ ಸರಪಳಿಯನ್ನು ತಕ್ಷಣ ನಿಲ್ಲಿಸುವ ಚೈನ್ ಬ್ರೇಕ್ 1970ರ ದಶಕದ ಆರಂಭದಲ್ಲಿ ಬಂದಿತು. ಸ್ಟಿಲ್ ಕಂಪನಿಯ ಹೆಸರಾಂತ ‘ಕಾಂಟ್ರಾ’ ಬಂದದ್ದು 1959ರಲ್ಲಿ. ಆ ಕಾಲದ ಮೆಷಿನ್‌ಗಳು ಎಷ್ಟೇ ಗಟ್ಟಿಯಾಗಿರಲಿ, ಈ ರಕ್ಷಣೆ ಅವುಗಳಲ್ಲಿಲ್ಲ. ಇದನ್ನು ತಿಳಿದ ಮೇಲೆ ‘ನನಗೆ ಗೊತ್ತಿರಲಿಲ್ಲ’ ಎಂದು ನಾವು ಹೇಳಲಾರೆವು.

ಆದುದರಿಂದ ಕೊಳ್ಳುವ ಮುನ್ನ ನೋಡಿ. ಮುಂದಿನ ಹಿಡಿಯ ಎದುರು ಬ್ರೇಕಿನ ಹಿಡಿ ಇದೆಯೇ? ಮುಂದಕ್ಕೆ ತಳ್ಳಿದರೆ ಸರಪಳಿ ಥಟ್ಟನೆ ನಿಲ್ಲುತ್ತದೆಯೇ? ಎಕ್ಸಲೇಟರ್ ಬಿಟ್ಟಾಗ ಸರಪಳಿ ತಾನಾಗಿ ಸುತ್ತುತ್ತಿದ್ದರೆ ಕ್ಲಚ್ಚೋ ಐಡ್ಲಿಂಗೋ ಸರಿಯಿಲ್ಲ. ಹಗ್ಗವನ್ನು ನಿಧಾನವಾಗಿ ಎಳೆದಾಗ ಕೈಗೆ ಬಿಗಿ ಸಿಗಬೇಕು. ಸೈಲೆನ್ಸರ್ ಬಿಚ್ಚಿಸಿ ಪಿಸ್ಟನ್ ನೋಡಿ. ಉದ್ದುದ್ದ ಗೀರುಗಳಿದ್ದರೆ ಯಾರೋ ಆಯಿಲ್ ಬೆರೆಸದ ಪೆಟ್ರೋಲ್ ಹಾಕಿ ಓಡಿಸಿರಬಹುದು. ಪೆಟ್ರೋಲಿನ ರಬ್ಬರ್ ಪೈಪು ಬಿರುಕು ಬಿಟ್ಟಿದೆಯೇ? ಸರಪಳಿ ತಿರುಗಿಸುವ ಹಲ್ಲುಚಕ್ರ ಸವೆದಿದೆಯೇ? ಬಿಡಿಭಾಗ ಇಂದಿಗೂ ಸಿಗುತ್ತದೆಯೇ? ಹೆಲ್ಮೆಟ್, ಕಣ್ಣಿಗೆ ಕಿವಿಗೆ ರಕ್ಷಣೆ, ಕಾಲಿಗೆ ಗಟ್ಟಿ ಬೂಟು, ಇವುಗಳ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಅಗ್ಗವಾಗಿ ಕೊಂಡದ್ದರ ಬಾಕಿಯನ್ನು ಕೂಲಿಯಾಳಿನ ಬೆರಳುಗಳು ತೀರಿಸುವಂತಾಗಬಾರದು.

ಹಳೆಯದನ್ನು ಕೊಳ್ಳುವುದು ತಪ್ಪೆಂದು ಇದರ ಅರ್ಥವಲ್ಲ. ಇದ್ದದ್ದನ್ನು ಎಸೆಯದೆ ರಿಪೇರಿ ಮಾಡಿ ಬಳಸುವುದು ಒಳ್ಳೆಯ ಗುಣ. ನಜರೇತಿನ ಬಡಗಿಯ ಮನೆಯಲ್ಲಿ ಬೆಳೆದ ಯೇಸುಸ್ವಾಮಿಗೆ ಹತಾರದ ಬೆಲೆ ಗೊತ್ತಿತ್ತು. ಅರಸುಗಳ ಎರಡನೇ ಗ್ರಂಥದ 6ನೇ ಅಧ್ಯಾಯದಲ್ಲಿ, ಜೋರ್ಡನ್ ನದಿಯ ಬಳಿ ಮರ ಕಡಿಯುವಾಗ ಒಬ್ಬನ ಕೊಡಲಿ ನೀರಿಗೆ ಬೀಳುತ್ತದೆ. ಅದು ಎರವಲು ತಂದದ್ದೆಂದು ಅವನು ಗೋಳಾಡುತ್ತಾನೆ. ಪ್ರವಾದಿ ಎಲೀಷನು ಆ ಕಬ್ಬಿಣವನ್ನೇ ತೇಲಿಸಿ ಕೊಡುತ್ತಾನೆ. ಬಡವನ ಎರವಲು ಕೊಡಲಿಗೆ ಇಷ್ಟು ಮರುಗಿದ ದೇವರು, ಆ ಬಡವನ ಕೈಗೆ ಇನ್ನೆಷ್ಟು ಮರುಗಿಯಾನು!

ಅರಸೀಕೆರೆಯಿಂದ ಹಿಂತಿರುಗಿ ಬರುವಾಗ ಬೇಲೂರಿನ ದೇವಾಲಯ ಎದುರಾಗುತ್ತದಲ್ಲವೇ? 1117ರಲ್ಲಿ ಪ್ರತಿಷ್ಠೆಯಾದ ಆ ಚೆನ್ನಕೇಶವ ದೇವಾಲಯದ ಶಿಲ್ಪಗಳಲ್ಲಿ ಬಳ್ಳಿಗಾವಿಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಕಲ್ಲಿನಲ್ಲಿ ಉಳಿದದ್ದು ಕೆಲಸಗಾರನ ಹೆಸರು. ಉಳಿಯದೂ ಸುತ್ತಿಗೆಯದೂ ಅಲ್ಲ. ಪೋಪ್ ದ್ವಿತೀಯ ಜಾನ್ ಪೌಲರು 1981ರಲ್ಲಿ ದುಡಿಮೆಯ ಕುರಿತು ಬರೆದ ವಿಶ್ವಪತ್ರದಲ್ಲಿ ಇದನ್ನೇ ಬೋಧಿಸಿದರು: ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ದುಡಿಮೆಗಾಗಿ ಅಲ್ಲ.

ಮಾರುವವರಿಗೂ ಒಂದು ಮಾತು. ಬ್ರೇಕು ಕೆಟ್ಟಿದೆ ಎಂದು ತಿಳಿದೂ, ಕೇಳಲಿಲ್ಲ ಎಂಬ ನೆವದಿಂದ ಸುಮ್ಮನಿರುವುದು ವ್ಯಾಪಾರದ ಜಾಣತನವಲ್ಲ. ಅದು ಸುಳ್ಳಿನ ವಿರುದ್ಧದ ಕಟ್ಟಳೆಗೂ ಕೊಲ್ಲಬೇಡವೆಂಬ ಕಟ್ಟಳೆಗೂ ಸಂಬಂಧಿಸಿದ್ದು. ಪಾಪನಿವೇದನೆಗೆ ಸಿದ್ಧರಾಗುವಾಗ ನಾವು ಜಗಳ, ಕೋಪಗಳನ್ನು ನೆನೆಯುತ್ತೇವೆ. ಮಾರಿದ ವಸ್ತುವನ್ನು ನೆನೆಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಎಲ್ಲ ಸರಿಯಿದ್ದರೆ ಸಂತೋಷದಿಂದ ಕೊಳ್ಳಿ. ಬಳಸಲು ಬಲ್ಲವರ ಕೈಗೆ ಮಾತ್ರ ಕೊಡಿ. ಬ್ರೇಕೇ ಇಲ್ಲದ ಕಾಲದ ಮೆಷಿನ್ ನಿಮಗೆ ಇಷ್ಟವಾಯಿತೆಂದರೆ, ಸರಪಳಿ ತೆಗೆದಿಟ್ಟು ಹಿರಿಯರ ದುಡಿಮೆಯ ನೆನಪಾಗಿ ಮನೆಯಲ್ಲಿಡಿ. ಬೇರೊಬ್ಬನ ಕೈಗೆ ಮಾತ್ರ ಕೊಡಬೇಡಿ.

ಈ ವಾರ ನಿಮ್ಮ ಮನೆಯ ಹತಾರಗಳನ್ನೊಮ್ಮೆ ಹೊರಗೆ ತೆಗೆದು ನೋಡಿ. ಸಡಿಲವಾದ ಕೊಡಲಿಯ ಕಾವು, ಸುಲಿದ ವೈರಿನ ಮೋಟಾರು, ಬಿರುಕು ಬಿಟ್ಟ ಏಣಿ. ‘ನನ್ನ ಮಗನ ಕೈಗೆ ಇದನ್ನು ಕೊಡುತ್ತೇನೆಯೇ?’ ಎಂದು ಕೇಳಿಕೊಳ್ಳಿ. ಇಲ್ಲವೆಂದಾದರೆ ಆಳಿನ ಕೈಗೂ ಬೇಡ. ಅವನೂ ಒಬ್ಬರ ಮಗನೇ. ಕಾರ್ಮಿಕರ ಪಾಲಕರಾದ ಸಂತ ಜೋಸೆಫರು ನಮ್ಮ ಕೈಗಳನ್ನೂ, ನಮಗಾಗಿ ದುಡಿಯುವ ಕೈಗಳನ್ನೂ ಕಾಯಲಿ.