ವೇಷ, ವಿಶ್ವಾಸ ಮತ್ತು ಆತಿಥ್ಯದ ಮಿತಿ

ಅಪರಿಚಿತರನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಮೇಲುನೋಟಕ್ಕೆ ಲೋಕವ್ಯವಹಾರದ ಪ್ರಶ್ನೆಯಾಗಿ ಕಂಡರೂ, ಭಾರತೀಯ ಧರ್ಮಚಿಂತನೆಯಲ್ಲಿ ಅದಕ್ಕೆ ಬೇರೆಯೇ ತೂಕವಿದೆ. ಏಕೆಂದರೆ ಇಲ್ಲಿ ಅಪರಿಚಿತನು ಬಹುಪಾಲು ಅತಿಥಿಯಾಗಿ, ಭಿಕ್ಷುವಾಗಿ, ಸನ್ಯಾಸಿಯಾಗಿ ಬಾಗಿಲಿಗೆ ಬರುತ್ತಾನೆ, ಮತ್ತು ಹಾಗೆ ಬಂದವನನ್ನು ಬರಿಗೈಯಲ್ಲಿ ಕಳುಹಿಸುವುದು ಗೃಹಸ್ಥನಿಗೆ ದೋಷವೆಂದು ಧರ್ಮಶಾಸ್ತ್ರಗಳು ಹೇಳುತ್ತವೆ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ವಿದ್ಯಾಭ್ಯಾಸ ಮುಗಿಸಿ ಹೊರಡುವ ಶಿಷ್ಯನಿಗೆ ಆಚಾರ್ಯನು ಹೇಳುವ ಬುದ್ಧಿಮಾತು ತಾಯಿ, ತಂದೆ, ಗುರುಗಳ ಬೆನ್ನಿಗೇ ಅತಿಥಿಯನ್ನೂ ದೇವರ ಸ್ಥಾನದಲ್ಲಿ ನಿಲ್ಲಿಸುತ್ತದೆ. ಮೊದಲಿನ ಮೂವರನ್ನು ಶಿಷ್ಯನು ವರ್ಷಗಟ್ಟಲೆ ಕಂಡು ಬಲ್ಲನಾದರೆ, ನಾಲ್ಕನೆಯವನ ಊರು, ಹೆಸರು, ಉದ್ದೇಶಗಳಲ್ಲಿ ಯಾವುದೂ ಅವನಿಗೆ ಗೊತ್ತಿರಬೇಕೆಂಬ ನಿಯಮವಿಲ್ಲ. ಆದರೂ ಶಾಸ್ತ್ರವು ಅತಿಥಿಗೆ ಕೊಡಬೇಕೆನ್ನುವುದು ಆಸನ, ಕಾಲಿಗೆ ನೀರು, ಅನ್ನ, ರಾತ್ರಿಯ ಮಟ್ಟಿಗೆ ಒಂದು ತಾವು. ಅವನ ಮಾತನ್ನೆಲ್ಲ ನಂಬಬೇಕೆಂದಾಗಲಿ, ಮನೆಯ ಬೀಗದ ಕೈಯನ್ನು ಒಪ್ಪಿಸಬೇಕೆಂದಾಗಲಿ ಅದು ಎಲ್ಲಿಯೂ ವಿಧಿಸುವುದಿಲ್ಲ. ಸತ್ಕಾರವನ್ನು ಕಂಡ ಕ್ಷಣವೇ ಮಾಡಬಹುದು, ವಿಶ್ವಾಸಕ್ಕೆ ಕಾಲ ಬೇಕು. ಅತಿನಂಬಿಕೆಯ ಹಾನಿಯೆಲ್ಲ ಬಹುಮಟ್ಟಿಗೆ ಈ ಎರಡನ್ನೂ ಒಂದೇ ಕೈಯಿಂದ ಒಂದೇ ಸಲಕ್ಕೆ ಕೊಟ್ಟುಬಿಡುವುದರಿಂದ ಹುಟ್ಟುತ್ತದೆ.

ಈ ಭೇದವನ್ನು ಪಾಲಿ ಗ್ರಂಥಗಳಾದ ಸಂಯುತ್ತ ನಿಕಾಯ ಮತ್ತು ಉದಾನಗಳಲ್ಲಿ ಬರುವ ಒಂದು ಪ್ರಸಂಗದಷ್ಟು ನಿಚ್ಚಳವಾಗಿ ತೋರಿಸುವ ಇನ್ನೊಂದು ಕಥೆ ಸಿಗುವುದು ಕಷ್ಟ. ಶ್ರಾವಸ್ತಿಯ ಪೂರ್ವಾರಾಮದಲ್ಲಿ ಸಂಜೆಯ ಹೊತ್ತು ಬುದ್ಧನ ಬಳಿ ಕೋಸಲದ ರಾಜ ಪ್ರಸೇನಜಿತ್ತು ಕುಳಿತಿರುವಾಗ, ಏಳು ಮಂದಿ ಜಟಾಧಾರಿಗಳು, ಏಳು ಮಂದಿ ನಿಗಂಠರು ಅಂದರೆ ಜೈನ ಯತಿಗಳು, ಏಳು ಮಂದಿ ಬೆತ್ತಲೆ ಸನ್ಯಾಸಿಗಳು, ಏಕವಸ್ತ್ರಧಾರಿಗಳು ಏಳು ಮಂದಿ, ಪರಿವ್ರಾಜಕರು ಏಳು ಮಂದಿ, ಉಗುರು ಕೂದಲು ಬೆಳೆಸಿಕೊಂಡು, ಗಂಟುಮೂಟೆ ಹೊತ್ತು ಹಾದುಹೋಗುತ್ತಾರೆ. ರಾಜನು ಎದ್ದು, ಉತ್ತರೀಯವನ್ನು ಒಂದು ಹೆಗಲ ಮೇಲೆ ಸರಿಪಡಿಸಿಕೊಂಡು, ಬಲಮೊಣಕಾಲನ್ನು ನೆಲಕ್ಕೂರಿ, ಕೈಮುಗಿದು, ತಾನು ಕೋಸಲದ ರಾಜನೆಂದು ಮೂರು ಸಲ ಹೆಸರು ಹೇಳಿಕೊಳ್ಳುತ್ತಾನೆ. ಅವರು ಮರೆಯಾದ ಮೇಲೆ, ಲೋಕದಲ್ಲಿ ಅರಹಂತರೆಂಬ ಮುಕ್ತಪುರುಷರು ಇದ್ದರೆ ಇವರೂ ಆ ಗುಂಪಿಗೆ ಸೇರಿದವರೆಂದು ಬುದ್ಧನಿಗೆ ತಿಳಿಸುತ್ತಾನೆ. ಬುದ್ಧನು ಅದನ್ನು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಕಾಶಿಯ ಚಂದನ ಪೂಸಿಕೊಂಡು, ಹೆಂಡತಿ ಮಕ್ಕಳೊಡನೆ ಬಾಳುವ ಗೃಹಸ್ಥನಿಗೆ ಇದನ್ನು ತಿಳಿಯುವುದು ಸುಲಭವಲ್ಲವೆಂದು ಹೇಳಿ, ಒಬ್ಬನ ಶೀಲವು ಜೊತೆಯಲ್ಲಿ ಬಾಳುವುದರಿಂದ, ಪ್ರಾಮಾಣಿಕತೆಯು ವ್ಯವಹಾರದಿಂದ, ಧೃತಿಯು ಆಪತ್ತಿನಲ್ಲಿ, ಪ್ರಜ್ಞೆಯು ಚರ್ಚೆಯಲ್ಲಿ ತಿಳಿದುಬರುತ್ತದೆಂದೂ, ಅದೂ ಬಹುಕಾಲದ ಬಳಿಕ, ಲಕ್ಷ್ಯಕೊಟ್ಟು ನೋಡುವ ಬುದ್ಧಿವಂತನಿಗೆ ಮಾತ್ರ ತಿಳಿಯುತ್ತದೆಂದೂ ವಿವರಿಸುತ್ತಾನೆ. ಆಗ ರಾಜನು ನಿಜವನ್ನು ಬಿಚ್ಚಿಡುತ್ತಾನೆ: ಹಾದುಹೋದವರು ಅವನದೇ ಗೂಢಚಾರರು, ನಾಡನ್ನು ಸುತ್ತಿ ಸುದ್ದಿ ತಂದವರು, ಇನ್ನು ಮನೆಗೆ ಹೋಗಿ ಮೈಯ ಧೂಳು ತೊಳೆದು, ಕ್ಷೌರ ಮಾಡಿಸಿಕೊಂಡು, ಬಿಳಿಯ ಬಟ್ಟೆಯುಟ್ಟು ಭೋಗದಲ್ಲಿ ತೊಡಗುವವರು.

ಈ ಪ್ರಸಂಗದಲ್ಲಿ ಗಮನಿಸತಕ್ಕದ್ದು ಬುದ್ಧನ ಉತ್ತರದಲ್ಲಿ ಸಂಶಯದ ಸೋಂಕೇ ಇಲ್ಲದಿರುವುದು. ಅವನು ಆ ಮೂವತ್ತೈದು ಮಂದಿಯ ಮೇಲೆ ಯಾವ ಆರೋಪವನ್ನೂ ಹೊರಿಸದೆ, ತೀರ್ಮಾನವನ್ನಷ್ಟೇ ಮುಂದೂಡುತ್ತಾನೆ. ನಂಬದಿರುವುದು ಎಂದರೆ ಕೆಟ್ಟವನೆಂದು ಬಗೆಯುವುದೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿರುವುದರಿಂದಲೇ ಸಜ್ಜನರು ಮೋಸಹೋಗುತ್ತಾರೆ. ಎದುರಿಗಿರುವವನನ್ನು ಅವಮಾನಿಸಲು ಮನಸ್ಸೊಪ್ಪದೆ ಅವನ ಮಾತನ್ನು ಒಪ್ಪಿಬಿಡುತ್ತಾರೆ.

ಇಂಥ ವೇಷಗಳನ್ನು ರಾಜ್ಯವೇ ಹೇಗೆ ಸಿದ್ಧಪಡಿಸುತ್ತಿತ್ತೆಂಬುದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರವು ಕೈಪಿಡಿಯಂತಿದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಈ ಗ್ರಂಥದ ಮೊದಲನೆಯ ಅಧಿಕರಣವು ತಾಪಸವೇಷದ ಚಾರನ ದಿನಚರಿಯನ್ನು ವಿವರವಾಗಿ ಕೊಡುತ್ತದೆ. ಅವನು ಬಹಳ ಮಂದಿ ಶಿಷ್ಯರೊಡನೆ ನಗರದ ಹತ್ತಿರ ನೆಲೆಸಿ, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಒಂದು ಹಿಡಿ ಸೊಪ್ಪನ್ನೋ ಜವೆಗೋದಿಯನ್ನೋ ಎಲ್ಲರ ಕಣ್ಣೆದುರು ತಿನ್ನಬೇಕು, ಗುಟ್ಟಾಗಿ ಮಾತ್ರ ಇಷ್ಟಬಂದದ್ದನ್ನು ಉಣ್ಣಬಹುದು. ವರ್ತಕವೇಷದ ಚಾರರ ಕಡೆಯವರು ಬಂದು ಅವನನ್ನು ಪೂಜಿಸಬೇಕು, ಶಿಷ್ಯರು ಸಿದ್ಧಪುರುಷನೆಂದು ಸಾರಬೇಕು. ಅವನು ಊರಿನಲ್ಲಿ ಬೆಂಕಿಯೋ ಕಳ್ಳರ ಭಯವೋ ಬರುವುದೆಂದು ಭವಿಷ್ಯ ನುಡಿದರೆ ಒಳಗಿನವರು ಅದನ್ನು ನಿಜ ಮಾಡಿ ತೋರಿಸಬೇಕು. ಇದೇ ಗ್ರಂಥದ ಎರಡನೆಯ ಅಧಿಕರಣವು ಹೊಸದಾಗಿ ನೆಲೆಗೊಳಿಸಿದ ಹಳ್ಳಿಗಳಲ್ಲಿ ವಾನಪ್ರಸ್ಥರ ಹೊರತು ಬೇರೆ ಸನ್ಯಾಸಿಗಳಿಗೆ ತಾವು ಕೊಡಬಾರದೆನ್ನುತ್ತದೆ. ಕಾವಿಯ ಬಳಕೆಯನ್ನು ಇಷ್ಟು ಚೆನ್ನಾಗಿ ಬಲ್ಲ ರಾಜನೀತಿಯು ಪರರ ಕಾವಿಗೆ ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ.

ಸೀತಾಪಹರಣದ ಕಥೆಯನ್ನು ಹೆಣ್ಣಿನ ಮುಗ್ಧತೆಗೆ ಉದಾಹರಣೆಯಾಗಿ ಹೇಳುವ ರೂಢಿಯಿದೆ. ವಾಲ್ಮೀಕಿಯ ಪಠ್ಯ ಅದನ್ನು ಸಮರ್ಥಿಸುವುದಿಲ್ಲ. ಅಲ್ಲಿ ಲಕ್ಷ್ಮಣರೇಖೆಯೂ ಇಲ್ಲ, ಅದನ್ನು ದಾಟಿದ ತಪ್ಪೂ ಇಲ್ಲ. ಪರಿವ್ರಾಜಕನ ವೇಷದಲ್ಲಿ ಬಂದ ರಾವಣನಿಗೆ ಆಸನವನ್ನೂ ನೀರನ್ನೂ ಕೊಟ್ಟ ಸೀತೆ, ಅವನು ಬ್ರಾಹ್ಮಣ ಮತ್ತು ಅತಿಥಿ, ಉತ್ತರ ಕೊಡದಿದ್ದರೆ ಶಪಿಸಿಯಾನೆಂದು ಒಂದು ಗಳಿಗೆ ಯೋಚಿಸಿದ ಬಳಿಕವೇ ತನ್ನ ಕುಲ, ಪತಿ, ವನವಾಸಗಳ ವೃತ್ತಾಂತವನ್ನು ಹೇಳುತ್ತಾಳೆ. ಅಂದರೆ ಅವಳ ಮಾತನ್ನು ಹೊರಡಿಸಿದ್ದರಲ್ಲಿ ವೇಷದ ಅಧಿಕಾರದ ಭಯಕ್ಕೂ ಪಾಲಿದೆ. ವಂಚಕನು ಎದುರಿನವರ ಒಳ್ಳೆಯತನವನ್ನಷ್ಟೇ ಅಲ್ಲ, ಅವರ ಅಂಜಿಕೆಯನ್ನೂ ಬಳಸಿಕೊಳ್ಳುತ್ತಾನೆ. ಈಚಿನ ವರ್ಷಗಳಲ್ಲಿ ಪೊಲೀಸ್ ಸಮವಸ್ತ್ರ ತೊಟ್ಟು ವಿಡಿಯೋ ಕರೆ ಮಾಡಿ, ಕಾನೂನಿನಲ್ಲಿ ಇಲ್ಲವೇ ಇಲ್ಲದ 'ಡಿಜಿಟಲ್ ಅರೆಸ್ಟ್' ಹೆಸರಿನಲ್ಲಿ ನಿವೃತ್ತರ ಉಳಿತಾಯವನ್ನು ದೋಚುವವರ ವಿಧಾನವೂ ಇದೇ; ಶಾಪದ ಜಾಗಕ್ಕೆ ವಾರಂಟು ಬಂದಿದೆ, ಅಷ್ಟೆ.

ದರ್ಶನಶಾಸ್ತ್ರವು ಇದೇ ಸಮಸ್ಯೆಯನ್ನು ಪ್ರಾಮಾಣ್ಯದ, ಅಂದರೆ ಅರಿವು ನಿಜವೆಂದು ನಿರ್ಣಯವಾಗುವ ಬಗೆಯ, ಚರ್ಚೆಯಾಗಿ ಎತ್ತಿಕೊಂಡಿದೆ. ಕುಮಾರಿಲಭಟ್ಟನೇ ಮೊದಲಾದ ಮೀಮಾಂಸಕರ ಸ್ವತಃಪ್ರಾಮಾಣ್ಯವಾದದಂತೆ ಹುಟ್ಟಿದ ಅರಿವು ತನ್ನಷ್ಟಕ್ಕೇ ಪ್ರಮಾಣವಾಗಿದ್ದು, ಬಾಧಕವೊಂದು ಎದುರಾದಾಗ ಅಥವಾ ಅದರ ಮೂಲದಲ್ಲಿ ದೋಷ ಕಂಡಾಗ ಮಾತ್ರ ಬಿದ್ದುಹೋಗುತ್ತದೆ. ನೈಯಾಯಿಕರ ಪರತಃಪ್ರಾಮಾಣ್ಯವಾದದಂತೆ ಅದರ ಸತ್ಯತೆಯು ಸಫಲವಾದ ಪ್ರವೃತ್ತಿಯಂಥ ಬೇರೊಂದು ಆಧಾರದಿಂದಲೇ ತಿಳಿಯಬೇಕು. ದಾರಿ ಕೇಳಿದಾಗ ಅಪರಿಚಿತನು ತೋರಿದತ್ತ ನಡೆಯುವವನು, ಆ ಹೊತ್ತಿಗೆ, ಮೀಮಾಂಸಕನೇ. ದಿನಕ್ಕೆ ನೂರು ಸಲ ಹಾಗೆ ನಡೆಯದೆ ಬಾಳು ಸಾಗುವುದಿಲ್ಲ. ಆದರೆ ಪುರುಷರ ವಾಕ್ಯದಲ್ಲಿ ದೋಷಕ್ಕೆ ಅವಕಾಶ ಉಂಟೆಂಬುದನ್ನು ಮೀಮಾಂಸಕರೂ ಒಪ್ಪುತ್ತಾರೆ. ನ್ಯಾಯಸೂತ್ರವು ಶಬ್ದಪ್ರಮಾಣವನ್ನು ಆಪ್ತನ ಉಪದೇಶವೆಂದು ಕರೆಯುತ್ತದೆ, ಮತ್ತು ವಿಷಯವನ್ನು ನೇರವಾಗಿ ಬಲ್ಲವನೂ, ಬಲ್ಲಂತೆಯೇ ತಿಳಿಸಲು ಇಚ್ಛಿಸುವವನೂ ಆಪ್ತನೆಂದು ವಿವರಿಸುವ ಭಾಷ್ಯಕಾರ ವಾತ್ಸ್ಯಾಯನನು ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆನ್ನುತ್ತಾನೆ. ಈ ಮಾತಿಗೆ ಎರಡು ಅಲಗುಗಳಿವೆ. ಪರದೇಶಿಯೆಂಬ ಕಾರಣಕ್ಕೆ ಯಾರ ಮಾತನ್ನೂ ತಳ್ಳಿಹಾಕುವಂತಿಲ್ಲ. ಋಷಿಯಂತೆ ಕಾಣುತ್ತಾನೆಂಬ ಕಾರಣಕ್ಕೆ ಯಾರ ಮಾತನ್ನೂ ಒಪ್ಪುವಂತಿಲ್ಲ.

ಭಕ್ತಿಪಂಥವು ಈ ಎಚ್ಚರವನ್ನು ಬೇಕೆಂದೇ ದಾಟಿಹೋಗುತ್ತದೆ. ಹನ್ನೆರಡನೆಯ ಶತಮಾನದ ಸೇಕ್ಕಿಳಾರ್ ಕವಿಯ ತಮಿಳು ಪೆರಿಯಪುರಾಣದಲ್ಲಿ, ನಂದಿಬೆಟ್ಟದಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯ ದಡದ ತಿರುಕ್ಕೋವಲೂರನ್ನು ಆಳುತ್ತಿದ್ದ ಮೆಯ್ಪೊರುಳ್ ನಾಯನಾರನ ಕಥೆ ಇದೆ. ಯುದ್ಧದಲ್ಲಿ ಅವನನ್ನು ಗೆಲ್ಲಲಾಗದ ಮುತ್ತನಾಥನೆಂಬ ವೈರಿಯು ಮೈತುಂಬ ಭಸ್ಮ ಬಳಿದುಕೊಂಡು, ಗ್ರಂಥದ ಕಟ್ಟಿನಲ್ಲಿ ಕತ್ತಿಯನ್ನು ಅಡಗಿಸಿಕೊಂಡು, ಅಪೂರ್ವವಾದ ಆಗಮವನ್ನು ಉಪದೇಶಿಸುವ ನೆಪದಲ್ಲಿ ಅಂತಃಪುರದವರೆಗೂ ಬರುತ್ತಾನೆ. ರಾಜನು ಮಲಗಿದ್ದಾನೆ, ಸಮಯ ನೋಡಿ ಹೋಗಬೇಕು ಎಂದು ಕಾವಲುಗಾರ ದತ್ತನು ಎಚ್ಚರಿಸಿದರೂ ನಿಲ್ಲದೆ ಒಳಹೊಕ್ಕು, ರಾಣಿಯನ್ನೂ ಹೊರಗೆ ಕಳುಹಿಸುವಂತೆ ಮಾಡಿ, ನಮಸ್ಕರಿಸಲು ಬಾಗಿದ ರಾಜನನ್ನು ಇರಿಯುತ್ತಾನೆ. ಧಾವಿಸಿಬಂದು ಕತ್ತಿಯೆತ್ತಿದ ದತ್ತನನ್ನು ರಾಜನು ತಡೆದು, ಇವನು ನಮ್ಮವನೆಂದು ಹೇಳಿ, ಊರಿನವರು ಕೊಲ್ಲದಂತೆ ಅವನನ್ನು ಗಡಿ ದಾಟಿಸಿ ಬರಲು ಅಪ್ಪಣೆ ಮಾಡುತ್ತಾನೆ, ಮತ್ತು ಆ ಕೆಲಸವಾಯಿತೆಂಬ ಸುದ್ದಿ ಬರುವವರೆಗೆ ಜೀವ ಹಿಡಿದುಕೊಂಡಿರುತ್ತಾನೆ. ಬಸವಪುರಾಣದ ಪರಂಪರೆಯಲ್ಲಿಯೂ ಇದರ ಸೌಮ್ಯರೂಪವೊಂದಿದೆ: ಲಿಂಗವಿಲ್ಲದವರು ಬದನೆಕಾಯಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಜಂಗಮರಂತೆ ಬಸವಣ್ಣನ ಮನೆಗೆ ಬಂದಾಗ, ಅವನ ಭಕ್ತಿಯಿಂದ ಆ ಕಾಯಿಗಳೇ ಲಿಂಗಗಳಾಗುತ್ತವೆ. ಅದೇ ಶರಣಪರಂಪರೆಯ ವಚನಕಾರರು, ಅದರಲ್ಲೂ ಅಂಬಿಗರ ಚೌಡಯ್ಯನಂಥವರು, ವೇಷಧಾರಿಗಳನ್ನು ಎಷ್ಟು ಕಟುವಾಗಿ ಜರೆದರೆಂಬುದನ್ನು ನೆನೆದರೆ, ಪವಾಡದ ಮೇಲೆ ಮಾತ್ರ ಭಾರ ಹಾಕಿ ಕೂರಲು ಸಮುದಾಯಕ್ಕೆ ಮನಸ್ಸಿರಲಿಲ್ಲವೆಂದು ತೋರುತ್ತದೆ.

ಮೆಯ್ಪೊರುಳನು ಮೋಸಹೋದನೆಂದು ಹೇಳುವುದು ಪೂರ್ತಿ ಸರಿಯಲ್ಲ. ಭಸ್ಮಕ್ಕೆ ಸಲ್ಲಬೇಕಾದ ಗೌರವವನ್ನು ಅದನ್ನು ಧರಿಸಿದವನ ಯೋಗ್ಯತೆಗೆ ಕಟ್ಟಿಹಾಕಬಾರದೆಂಬ ನಿಷ್ಠೆಗಾಗಿ ಅವನು ತನ್ನ ಪ್ರಾಣವನ್ನು ತೆತ್ತನು. ತನ್ನದನ್ನು ತೆರುವ ಅಧಿಕಾರ ಅವನಿಗಿತ್ತು. ಈ ನಿಷ್ಠೆಯನ್ನು ಪುರಾಣವು ಮುಕ್ತಿಯಿಂದ ಪುರಸ್ಕರಿಸುತ್ತದೆ, ಮತ್ತು ಭಕ್ತನ ದೃಷ್ಟಿಯಿಂದ ಆ ಪುರಸ್ಕಾರ ಉಚಿತವೇ. ಆದರೆ ಅವನು ಭಕ್ತನಷ್ಟೇ ಅಲ್ಲ, ರಾಜನೂ ಹೌದು. ರಣದಲ್ಲಿ ಹಲವು ಸಲ ಸೋತ ವೈರಿಗೆ ಆ ರಾತ್ರಿ ಸಿಕ್ಕಿದ ಜಯದ ಬೆಲೆಯನ್ನು ರಾಣಿ, ಮಕ್ಕಳು, ಗಡಿಯ ಹಳ್ಳಿಗಳು ಕೂಡ ತೆರಬೇಕಾಗಿತ್ತು, ಅವರನ್ನು ಯಾರೂ ಕೇಳಿರಲಿಲ್ಲ. ಮನೆಯ ಯಜಮಾನ, ಮಠದ ಅಧಿಪತಿ, ಸಂಘದ ಖಜಾಂಚಿ ಇವರೆಲ್ಲರ ನಂಬಿಕೆಯಲ್ಲಿಯೂ ಇಂಥದೇ ಪರರ ಪಾಲೊಂದು ಬೆರೆತಿರುತ್ತದೆ, ಮತ್ತು ಆ ಪಾಲಿನ ಮಟ್ಟಿಗೆ ಔದಾರ್ಯವೆಂಬ ಹೆಸರು ಅದಕ್ಕೆ ಒಪ್ಪುವುದಿಲ್ಲ. ಈ ಕಥೆಯಲ್ಲಿ ಬಾಗಿಲಿನಲ್ಲೇ ಅಪಾಯವನ್ನು ಮೂಸಿನೋಡಿದವನು ದತ್ತ; ಕೊಲೆಗಾರನನ್ನು ಕೈಹಿಡಿದು ಊರು ದಾಟಿಸುವ ಕೆಲಸವೂ ಅವನ ಪಾಲಿಗೇ ಬಂತು, ಆದರೆ ಅದನ್ನು ಮಾಡುವಾಗ ಅವನ ಮನಸ್ಸು ಏನೆಂದಿತೆಂಬುದನ್ನು ಕೇಳುವ ಅಗತ್ಯ ಪುರಾಣಕ್ಕೆ ಕಾಣಲಿಲ್ಲ.