ಯಾರ ಸುಳಿವು ಯಾರ ಕೈಯಲ್ಲಿ

2025ರ ನವೆಂಬರ್ ಕೊನೆಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯಿಂದ ಎರಡು ಆದೇಶ ಬಂದವು. ದೇಶದಲ್ಲಿ ಮಾರಾಟವಾಗುವ ಪ್ರತಿ ಹೊಸ ಫೋನಿನಲ್ಲೂ ಸರ್ಕಾರದ ‘ಸಂಚಾರ್ ಸಾಥಿ’ ಆ್ಯಪ್ ಮೊದಲೇ ಹಾಕಿರಬೇಕು ಎಂಬುದು ಒಂದು. ವಾಟ್ಸ್‌ಆ್ಯಪ್, ಟೆಲಿಗ್ರಾಂ, ಸಿಗ್ನಲ್‌ನಂಥವು ನೋಂದಾಯಿಸಿದ ಸಿಮ್ ಫೋನಿನಲ್ಲೇ ಇದ್ದರಷ್ಟೇ ನಡೆಯಬೇಕು, ಕಂಪ್ಯೂಟರಿನಲ್ಲಿ ತೆರೆದಿದ್ದರೆ ಆರು ಗಂಟೆಗೊಮ್ಮೆ ತಾನಾಗಿ ಲಾಗ್‌ಔಟ್ ಆಗಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಗದ್ದಲವೆದ್ದಿತು, ಡಿಸೆಂಬರ್ 3ರಂದು ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಎರಡನೆಯದರ ಬಗ್ಗೆ ಅಷ್ಟು ಮಾತಾಗಲಿಲ್ಲ.

ಎರಡಕ್ಕೂ ಕೊಟ್ಟ ಕಾರಣ ಸೈಬರ್ ವಂಚನೆ. ಅದು ಸುಳ್ಳು ನೆಪವಲ್ಲ. ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ನಿವೃತ್ತರ ಉಳಿತಾಯವನ್ನೆಲ್ಲ ದೋಚಿದ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಲೇ ಇದೆ. ದೊಡ್ಡ ಕಂಪನಿಗಳಿಗೆ ಮೂಗುದಾರ ಬೇಕು ಎನ್ನುವವರಲ್ಲಿ ನಾನೂ ಸೇರಿದ್ದೇನೆ. ಆದರೆ ಇಂಥ ಆದೇಶ ಬಂದಾಗಲೆಲ್ಲ ಒಂದು ಪ್ರಶ್ನೆ ಕೇಳಲೇಬೇಕು. ಇದರಿಂದ ಫೋನು ಹಿಡಿದ ಮನುಷ್ಯನಿಗೆ ತನ್ನ ಬಗ್ಗೆ ಬೇರೆಯವರ ಹತ್ತಿರ ಏನೇನಿದೆ ಎಂಬುದು ಹೆಚ್ಚು ತಿಳಿಯಿತೋ, ಇಲ್ಲ ಅವನ ಮೇಲೆ ಕಣ್ಣಿಡುವವರ ಸಾಲಿಗೆ ಇನ್ನೊಬ್ಬರು ಸೇರಿಕೊಂಡರೋ? ಮೊದಲನೆಯದಾದರೆ ಅದು ನಿಯಂತ್ರಣ. ಎರಡನೆಯದಾದರೆ ಕಂಪನಿ ಕೂಡಿಟ್ಟದ್ದರಲ್ಲಿ ಸರ್ಕಾರ ಪಾಲು ಕೇಳಿದಂತಾಯಿತು, ಅಷ್ಟೆ.

‘ತಪ್ಪು ಮಾಡದವನಿಗೆ ಭಯ ಯಾಕೆ?’ ಎನ್ನುವವರು ನಮ್ಮ ನಡುವೆ ಬಹಳ ಮಂದಿ. ಅವರ ಮಾತಿಗೆ ಅತಿ ಗಟ್ಟಿಯಾದ ಸಾಕ್ಷಿ ಸಿಗುವುದು ಬೀದರ್ ಜಿಲ್ಲೆಯಲ್ಲಿ. 2018ರ ಜುಲೈ 13ರಂದು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬ ಗೆಳೆಯರ ಜೊತೆ ಆ ಕಡೆ ಬಂದಿದ್ದ. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕಾರಿಗಿಂತ ಮೊದಲೇ ಮುರ್ಕಿ ಎಂಬ ಹಳ್ಳಿ ಮುಟ್ಟಿತು. ಊರವರು ದಾರಿ ಅಡ್ಡಗಟ್ಟಿ ಹೊಡೆದು ಆ ಹುಡುಗನನ್ನು ಕೊಂದರು. ಇಂಥ ಸಾವುಗಳ ನಂತರವೇ 2021ರ ಐಟಿ ನಿಯಮಗಳಲ್ಲಿ, ಒಂದು ಸಂದೇಶವನ್ನು ಮೊಟ್ಟಮೊದಲು ಕಳಿಸಿದವರು ಯಾರೆಂದು ಗುರುತಿಸಿಕೊಡಬೇಕು ಎಂಬ ಷರತ್ತು ಬಂತು. ಹಾಗೆ ಮಾಡಿದರೆ ಎಲ್ಲರ ಸಂದೇಶಗಳ ಗೋಪ್ಯತೆಯೂ ಮುರಿಯುತ್ತದೆ ಎಂದು ವಾಟ್ಸ್‌ಆ್ಯಪ್ ದೆಹಲಿ ಹೈಕೋರ್ಟಿಗೆ ಹೋಯಿತು.

ಮುರ್ಕಿಯಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಿದರೆ ಈ ಷರತ್ತಿನ ವಾದ ನಿಲ್ಲುವುದಿಲ್ಲ. ಪೊಲೀಸರು ಗ್ರೂಪಿನ ಅಡ್ಮಿನ್ ಸೇರಿದಂತೆ 30 ಮಂದಿಗೂ ಹೆಚ್ಚು ಜನರನ್ನು ಹಿಡಿದದ್ದು ಯಾವ ಬೀಗ ಮುರಿದೂ ಅಲ್ಲ. ಸಂದೇಶ ಬಂದ ಫೋನುಗಳು ಊರಲ್ಲೇ ಇದ್ದವು, ಹೊಡೆಯುವುದನ್ನು ಜನರೇ ವಿಡಿಯೊ ಮಾಡಿದ್ದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು. ಅದಕ್ಕಾಗಿ ಯಾರ ಸಂದೇಶವನ್ನೂ ಓದಬೇಕಾಗಲಿಲ್ಲ. ಸುದ್ದಿಯ ವೇಗಕ್ಕೆ ಮಿತಿ ಹಾಕುವುದು ಒಂದು ಬಗೆಯ ಕಟ್ಟಳೆ, ಕಳಿಸಿದವರ ಪಟ್ಟಿ ಇಟ್ಟುಕೊಳ್ಳುವುದು ಇನ್ನೊಂದು. ಪಟ್ಟಿ ಒಮ್ಮೆ ತಯಾರಾದರೆ ಅದು ಕೊಲೆಗಡುಕನ ಹೆಸರಲ್ಲಿ ಮಾತ್ರ ನಿಲ್ಲುವುದಿಲ್ಲ. ಲಂಚದ ದಾಖಲೆಯನ್ನು ವರದಿಗಾರನಿಗೆ ಕಳಿಸಿದ ಗುಮಾಸ್ತನ ಹೆಸರೂ ಅದರಲ್ಲಿರುತ್ತದೆ.

ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ದೊಡ್ಡ ಹೆಸರೊಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಅವರ ಹೆಸರಿನ ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಅದಕ್ಕೆ ಕೈಹಾಕಬೇಕಾದರೆ ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಆ ಉದ್ದೇಶಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಮುಂದುವರಿಯಬಾರದು. ಮೂರೇ ವರ್ಷಕ್ಕೆ, 2020ರ ಮಾರ್ಚಿನಲ್ಲಿ, ಇದೇ ರಾಜ್ಯದ ಸರ್ಕಾರ ಕೋವಿಡ್ ಕಾರಣಕ್ಕೆ ಮನೆಯಲ್ಲಿ ಕ್ವಾರಂಟೈನ್ ಆದವರೆಲ್ಲ ಬೆಳಿಗ್ಗೆ 7ರಿಂದ ರಾತ್ರಿ 10ರ ತನಕ ಗಂಟೆಗೊಂದು ಸೆಲ್ಫಿ ಕಳಿಸಬೇಕು ಎಂದಿತು. ಅವರ ಮನೆ ವಿಳಾಸಗಳ ಪಟ್ಟಿಯೂ ಬಹಿರಂಗವಾಯಿತು. ರೋಗದ ಭಯ ನಿಜ. ಆದರೆ ವಿಳಾಸ ಊರಿಗೆಲ್ಲ ಹಂಚಿದ್ದರಿಂದ ವೈರಸ್ ನಿಲ್ಲಲಿಲ್ಲ, ನೆರೆಹೊರೆಯವರು ಬಾಗಿಲು ಹಾಕಿಕೊಂಡರು. 2021ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಕೋವಿಡ್ ತಡೆಗೆಂದು ಕೇಂದ್ರ ತಂದಿದ್ದ ಆರೋಗ್ಯ ಸೇತು ಆ್ಯಪಿನ ಮಾಹಿತಿಯನ್ನು ಬಳಕೆದಾರರ ಒಪ್ಪಿಗೆಯಿಲ್ಲದೆ ಹಂಚಬಾರದು ಎಂದು ಮಧ್ಯಂತರ ಆದೇಶ ಕೊಟ್ಟಿತು. ನೆನಪಿಟ್ಟುಕೊಳ್ಳಬೇಕಾದ ಆದೇಶ ಅದು.

ಕಂಪನಿಗಳ ಕಡೆ ನೋಡಿದರೂ ಸಮಾಧಾನವಿಲ್ಲ. ‘ಒಪ್ಪಿಕೋ, ಇಲ್ಲ ಬಿಟ್ಟು ಹೋಗು’ ಎಂಬ ಧಾಟಿಯ ವಾಟ್ಸ್‌ಆ್ಯಪಿನ 2021ರ ಖಾಸಗಿತನ ನೀತಿಗಾಗಿ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಅದರ ಒಡೆಯ ಕಂಪನಿ ಮೆಟಾಕ್ಕೆ ₹213.14 ಕೋಟಿ ದಂಡ ಹಾಕಿತು. ಜಾಹೀರಾತಿಗಾಗಿ ಮಾಹಿತಿ ಹಂಚಿಕೊಳ್ಳುವುದನ್ನು ಐದು ವರ್ಷ ತಡೆಯಿತು. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ದಂಡ ಉಳಿಸಿ, ಐದು ವರ್ಷದ ತಡೆಯನ್ನು ತೆಗೆದುಹಾಕಿತು. ದಂಡದ ಹಣ ಸೇರುವುದು ಬೊಕ್ಕಸಕ್ಕೆ. ತಡೆ ಉಳಿದಿದ್ದರೆ ಅದರ ಫಲ ಸಿಗುತ್ತಿದ್ದದ್ದು ನಮಗೆ. ಹೋದದ್ದು ಅದೇ.

ಇಷ್ಟೆಲ್ಲದರ ನಡುವೆ ನನ್ನ ಪ್ರಶ್ನೆಗೆ ಸರಿಯಾಗಿ ಉತ್ತರಿಸುವ ಒಂದು ಕಾಯ್ದೆ ನಮ್ಮಲ್ಲೇ ಬಂದಿದೆ. 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಶೇಕಡಾ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು ಎಂಬುದೇ ಸುದ್ದಿಯಾಯಿತು. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಆ್ಯಪ್ ಕಾರ್ಮಿಕನ ಮೇಲೆ ಹೇಗೆ ನಿಗಾ ಇಡುತ್ತದೆ, ಅವನ ಕೆಲಸದ ಬಗ್ಗೆ ಯಂತ್ರ ಯಾವುದರ ಮೇಲೆ ತೀರ್ಮಾನಿಸುತ್ತದೆ ಎಂಬುದನ್ನು ಅವನಿಗೆ ತಿಳಿಸಬೇಕು. ಕೆಲಸದಿಂದ ತೆಗೆಯುವುದಾದರೆ ಕಾರಣ ಬರೆದು 14 ದಿನ ಮೊದಲು ನೋಟಿಸ್ ಕೊಡಬೇಕು. ಬೆಂಗಳೂರಿನ ಜಕ್ಕೂರು ಕ್ರಾಸಿನಲ್ಲಿ ಬೈಕ್ ನಿಲ್ಲಿಸಿಕೊಂಡು ಆರ್ಡರಿಗೆ ಕಾಯುವ ಹುಡುಗರಿಗೆ ‘ಐಡಿ ಬ್ಲಾಕ್’ ಎಂಬ ಮಾತಿನಷ್ಟು ಹೆದರಿಕೆಯ ಮಾತು ಇನ್ನೊಂದಿಲ್ಲ. ರಾತ್ರಿ ದುಡಿದು ಮಲಗಿದವನು ಬೆಳಿಗ್ಗೆ ಎದ್ದು ನೋಡಿದರೆ ಆ್ಯಪ್ ತೆರೆಯುವುದಿಲ್ಲ, ಯಾರನ್ನು ಕೇಳಬೇಕೆಂದೂ ಗೊತ್ತಾಗುವುದಿಲ್ಲ. ಅವನು ಎಲ್ಲಿ ನಿಂತ, ಎಷ್ಟು ಹೊತ್ತು ನಿಂತ, ಯಾವ ತಿರುವಿನಲ್ಲಿ ನಿಧಾನವಾದ ಎಂಬುದೆಲ್ಲ ಇನ್ನೊಬ್ಬರ ಹತ್ತಿರವಿದೆ. ಅದರ ಒಂದು ಪಾಲನ್ನಾದರೂ ಅವನ ಕೈಗೆ ಮರಳಿಸುವ ಕಾಯ್ದೆ ಇದು. ಜಾರಿ ಹೇಗಾಗುತ್ತದೋ ನೋಡಬೇಕು, ದಿಕ್ಕಂತೂ ಸರಿಯಾಗಿದೆ.

ಆ ಹುಡುಗ ಆರ್ಡರ್ ಹಿಡಿದು ಅಪಾರ್ಟ್‌ಮೆಂಟಿನ ಗೇಟಿಗೆ ಬಂದರೆ ಅಲ್ಲಿ ಇನ್ನೊಂದು ಆ್ಯಪ್ ಕಾಯುತ್ತಿರುತ್ತದೆ. ಸೆಕ್ಯುರಿಟಿಯವರು ಫ್ಲ್ಯಾಟ್ ನಂಬರ್ ಒತ್ತುತ್ತಾರೆ, ಮೇಲಿನ ಮನೆಯ ಫೋನು ರಿಂಗಾಗುತ್ತದೆ, ಒಪ್ಪಿಗೆ ಬಂದ ಮೇಲೆ ಒಳಗೆ. ಮನೆಕೆಲಸದ ಹೆಂಗಸರದು ಇನ್ನೂ ಗಟ್ಟಿಯಾದ ದಾಖಲೆ. ಫೋಟೊ, ಫೋನ್ ನಂಬರ್, ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ಯಾವ ಯಾವ ಮನೆಯ ಕೆಲಸ, ಕೆಲವೆಡೆ ಸ್ಟಾರ್ ಕೊಡುವ ಸೌಲಭ್ಯ ಕೂಡ. ಹತ್ತು ನಿಮಿಷ ತಡವಾದದ್ದು ಆಕೆ ಲಿಫ್ಟ್ ಹತ್ತುವ ಮೊದಲೇ ಮೇಡಂಗೆ ಗೊತ್ತಾಗಿರುತ್ತದೆ. ಆಕೆಗೆ ಬಂದ ಸ್ಟಾರ್ ಎಷ್ಟು, ಕೊಟ್ಟವರು ಯಾರು, ಯಾಕೆ ಎಂಬುದನ್ನು ಆಕೆಗೆ ಹೇಳುವವರಿಲ್ಲ.

ಊರೆಂದ ಮೇಲೆ ಕಣ್ಣಿಡುವುದು ಹೊಸದೇನಲ್ಲ. ಜಕ್ಕೂರು ಕೆರೆಯ ಸುತ್ತ ಹೊಲಗಳಿದ್ದಾಗಲೂ ಯಾರ ಮನೆಗೆ ಯಾರು ಬಂದರೆಂದು ಬೀದಿಗೆಲ್ಲ ಗೊತ್ತಿರುತ್ತಿತ್ತು. ಆ ಕಣ್ಣು ಹೆಣ್ಣುಮಕ್ಕಳ ಮೇಲೆ, ಕೆಳಜಾತಿಯವರ ಮೇಲೆ ಎಷ್ಟು ಕ್ರೂರವಾಗಿರುತ್ತಿತ್ತು ಎಂಬುದನ್ನು ಮರೆತು ನಾನು ಹಳೆಯ ದಿನಗಳನ್ನು ಹೊಗಳಲಾರೆ. ಆದರೂ ಅಲ್ಲಿ ನೋಡುವವನ ಬಾಗಿಲೂ ಅದೇ ಬೀದಿಗೆ ತೆರೆದಿರುತ್ತಿತ್ತು, ಎದುರು ನಿಂತು ಜಗಳವಾಡಬಹುದಿತ್ತು. ಈಗ ನೋಡುವವನು ಕಾಣಿಸುವುದಿಲ್ಲ, ಅವನ ಬಗ್ಗೆ ಗೊತ್ತೂ ಇಲ್ಲ. ಒಂದೇ ಕಡೆಗೆ ಹರಿಯುವ ಈ ತಿಳಿವಳಿಕೆಯೇ ಅಧಿಕಾರ. ಅದು ದೆಹಲಿಯ ಇಲಾಖೆಯಲ್ಲಿದ್ದರೂ ಕ್ಯಾಲಿಫೋರ್ನಿಯಾದ ಕಂಪನಿಯಲ್ಲಿದ್ದರೂ ನಮ್ಮದೇ ಮೂರನೇ ಮಹಡಿಯಲ್ಲಿದ್ದರೂ ಗುಣ ಒಂದೇ. ಸರ್ಕಾರ ನಮ್ಮ ಫೋನಿನಲ್ಲಿ ಆ್ಯಪ್ ತುರುಕಲು ಹೊರಟಾಗ ಸಿಟ್ಟಾದ ನಾವೇ ಗೇಟಿನಲ್ಲಿ ಬೇರೆಯವರ ಮುಖದ ಫೋಟೊ ಹಿಡಿಸುತ್ತೇವೆ.

ಕೇಂದ್ರದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರಿನಲ್ಲಿ. ನಮ್ಮ ಮಾಹಿತಿಯನ್ನು ತೋರಿಸಿ, ತಿದ್ದಿ, ಅಳಿಸಿ ಎಂದು ಕೇಳುವ ಹಕ್ಕು ಜಾರಿಯಾಗಲು ಹದಿನೆಂಟು ತಿಂಗಳ ಗಡುವು. ಮಾಹಿತಿ ಹಕ್ಕು ಕಾಯ್ದೆಯನ್ನು ಮೊಟಕು ಮಾಡುವ ಅದರ ತಿದ್ದುಪಡಿ ಮಾತ್ರ ಕೂಡಲೇ ಜಾರಿಯಾಯಿತು. ಅಂದರೆ ಸರ್ಕಾರವನ್ನು ನಾವು ನೋಡುವ ಕಿಟಕಿ ಮೊದಲು ಕಿರಿದಾಯಿತು, ನಮ್ಮನ್ನು ನೋಡುವ ಕಿಟಕಿಗೆ ಪರದೆ 2027ರ ಮೇ ತಿಂಗಳಿಗೆ. ಸರ್ಕಾರ ತಾನು ಗೊತ್ತುಪಡಿಸಿದ ತನ್ನದೇ ಸಂಸ್ಥೆಗಳಿಗೆ ಕಾಯ್ದೆಯಿಂದ ವಿನಾಯಿತಿ ಕೊಡಲೂ ಅವಕಾಶವಿದೆ. ಇದನ್ನು ಒಪ್ಪಬಾರದು.

ಜಕ್ಕೂರು, ಸಂಪಿಗೆಹಳ್ಳಿ, ಥಣಿಸಂದ್ರದ ಅಪಾರ್ಟ್‌ಮೆಂಟ್ ಸಂಘದವರಲ್ಲಿ ನನ್ನದೊಂದು ಕೋರಿಕೆ. ಗೇಟಿನ ಆ್ಯಪಿನಲ್ಲಿ ಕೆಲಸದವರ ಬಗ್ಗೆ ಬರೆದಿಟ್ಟದ್ದನ್ನು ಅವರಿಗೆ ಕನ್ನಡದಲ್ಲೋ ಅವರಿಗೆ ಬರುವ ಭಾಷೆಯಲ್ಲೋ ತೋರಿಸಿ. ಸ್ಟಾರ್ ಕೊಡುವುದನ್ನು ನಿಲ್ಲಿಸಿ. ಹಳೆಯ ದಾಖಲೆ ಎಷ್ಟು ದಿನಕ್ಕೆ ಅಳಿಸಬೇಕೆಂದು ಗೊತ್ತುಮಾಡಿ, ಅಳಿಸಿ. ಇದಕ್ಕೆ 2027ರ ತನಕ ಕಾಯಬೇಕಾಗಿಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಒಂದು ನಿರ್ಣಯ ಮಾಡಿದರೆ ಆಯಿತು.